ಔಷಧಿ ಅಂಗಡಿಯಲ್ಲಿ ‘ಇಲ್ಲ’ ಎನ್ನುವವರು ಯಾರು?

ಜ್ವರ, ಕೆಮ್ಮು, ಹೊಟ್ಟೆನೋವು ಬಂದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಹೋಗುವುದು ವೈದ್ಯರ ಬಳಿಗಲ್ಲ, ಮೆಡಿಕಲ್ ಶಾಪಿಗೆ. ‘ಅಣ್ಣಾ, ಮಗುವಿಗೆ ಎರಡು ದಿನದಿಂದ ಕೆಮ್ಮು, ಏನಾದರೂ ಕೊಡಿ’ ಎನ್ನುತ್ತೇವೆ. ಕೌಂಟರಿನ ಹಿಂದೆ ನಿಂತವರು ಕಪಾಟಿನಿಂದ ಒಂದು ಬಾಟಲಿ ತೆಗೆದು ಕೊಡುತ್ತಾರೆ. ದುಡ್ಡು ಕೊಟ್ಟು ಮನೆಗೆ ಬರುತ್ತೇವೆ. ಕೊಟ್ಟವರು ಯಾರು, ಅವರು ಏನು ಓದಿದ್ದಾರೆ ಎಂದು ಕೇಳುವುದಿಲ್ಲ. ಅಂಗಡಿಯ ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಒಂದು ಪ್ರಮಾಣಪತ್ರ ತೂಗುತ್ತಿರುತ್ತದೆ. ಅದರಲ್ಲಿ ಹೆಸರಿರುವ ವ್ಯಕ್ತಿಯೇ ನಮಗೆ ಔಷಧಿ ಕೊಡುತ್ತಿದ್ದಾನೆಯೇ ಎಂದು ನೋಡುವ ಅಭ್ಯಾಸವಂತೂ ನಮಗಿಲ್ಲ.

ಅಕ್ಕಿ ಅಂಗಡಿಯವನಿಗೆ, ಬಟ್ಟೆ ಅಂಗಡಿಯವನಿಗೆ ಸರಕಾರ ಇಂಥದೇ ಓದು ಓದಿರಬೇಕೆಂದು ಹೇಳುವುದಿಲ್ಲ. ಔಷಧಿ ಅಂಗಡಿಗೆ ಮಾತ್ರ ಯಾಕೆ ಹೇಳುತ್ತದೆ? ವ್ಯಾಪಾರಿ ಮತ್ತು ಗಿರಾಕಿಯ ನಡುವೆ ಪ್ರಭುತ್ವ ಬಂದು ನಿಲ್ಲುವ ಅಗತ್ಯವೇನು? ಈ ಪ್ರಶ್ನೆ ಇಂದಿನದಲ್ಲ. ಇದಕ್ಕೆ ಸುಮಾರು 1200 ವರ್ಷಗಳಷ್ಟು ಹಳೆಯದಾದ ಒಂದು ಉತ್ತರವಿದೆ. ಅಲ್ಲಿಂದಲೇ ಆರಂಭಿಸೋಣ.

ಅಫ್‌ಶೀನನ ಪರೀಕ್ಷೆ

ಅದು ಅಬ್ಬಾಸಿ ಖಲೀಫ ಮುಅ್‌ತಸಿಮ್‌ನ ಕಾಲ. ಅವನ ಸೇನಾಪತಿ ಅಫ್‌ಶೀನ್ ಕ್ರಿ.ಶ. 835ರಿಂದ 837ರವರೆಗೆ ಬಾಬಕ್ ಎಂಬ ಬಂಡಾಯಗಾರನ ವಿರುದ್ಧ ಅಝರ್‌ಬೈಜಾನಿನ ಗುಡ್ಡಗಾಡಿನಲ್ಲಿ ಯುದ್ಧ ಮಾಡುತ್ತಿದ್ದ. ದೊಡ್ಡ ಸೇನೆಯ ಬೆನ್ನಿಗೆ ದೊಡ್ಡ ಸಂತೆಯೂ ಇರುತ್ತಿತ್ತು. ಒಂದು ದಿನ ಅವನು ಶಿಬಿರದಲ್ಲಿರುವ ವ್ಯಾಪಾರಿಗಳ ಪಟ್ಟಿ ತರಿಸಿ ಓದಿಸಿದ. ಔಷಧಿ ಮಾರುವವರ ಹೆಸರು ಬಂದಾಗ ಓದು ನಿಲ್ಲಿಸಿ, ತನ್ನ ವೈದ್ಯ ಝಕರಿಯ್ಯಾ ಅತ್ತೈಫೂರಿಯ ಕಡೆಗೆ ತಿರುಗಿ, ಉಳಿದ ವ್ಯಾಪಾರಿಗಳಿಗಿಂತ ಮೊದಲು ಇವರನ್ನು ಪರೀಕ್ಷಿಸಬೇಕು ಎಂದ.

ಆಗ ವೈದ್ಯ ಅವನಿಗೆ ಹಿಂದಿನ ಖಲೀಫ ಮಅ್‌ಮೂನ್‌ನ ಕಾಲದ ಒಂದು ಘಟನೆ ಹೇಳಿದ. ಯೂಸುಫ್ ಎಂಬ ರಸವಾದಿಯೊಬ್ಬ, ಔಷಧಿ ಮಾರುವವರು ತಮ್ಮಲ್ಲಿ ಇಲ್ಲದ್ದನ್ನೂ ಇದೆ ಎನ್ನುತ್ತಾರೆ, ಕೇಳಿದ್ದರ ಬದಲು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ ಎಂದು ಖಲೀಫನಲ್ಲಿ ದೂರಿದ್ದ. ನಿಜವೋ ಸುಳ್ಳೋ ನೋಡಿಬಿಡೋಣ ಎಂದು ಮಅ್‌ಮೂನ್ ಒಂದು ಹಳ್ಳಿಯ ಹೆಸರನ್ನೇ ಔಷಧದ ಹೆಸರೆಂದು ಹೇಳಿ ಸೇವಕರನ್ನು ಬಗ್ದಾದಿನ ಅಂಗಡಿಗಳಿಗೆ ಕಳುಹಿಸಿದ. ಅಂಥ ಔಷಧ ಲೋಕದಲ್ಲೇ ಇರಲಿಲ್ಲ. ಆದರೂ ಅಂಗಡಿಯವರು ಇದೆ ಎಂದರು, ಹಣ ಪಡೆದರು, ಏನೋ ಒಂದನ್ನು ಕಟ್ಟಿಕೊಟ್ಟರು. ಸೇವಕರು ತಂದ ಪೊಟ್ಟಣಗಳಲ್ಲಿ ಬೀಜ, ಕಲ್ಲಿನ ಚೂರು, ಕೂದಲು ಕೂಡಾ ಇತ್ತಂತೆ.

ಅಫ್‌ಶೀನ್ ಅದೇ ಉಪಾಯ ಮಾಡಿದ. ತನ್ನ ನಾಡಿನ ದಫ್ತರವೊಂದರಿಂದ ಔಷಧಕ್ಕೆ ಸಂಬಂಧವೇ ಇಲ್ಲದ ಸುಮಾರು ಇಪ್ಪತ್ತು ಹೆಸರುಗಳನ್ನು ಆರಿಸಿ ಶಿಬಿರದ ಔಷಧಿಗಾರರ ಬಳಿಗೆ ಜನ ಕಳುಹಿಸಿದ. ಕೆಲವರು ಇದನ್ನು ನಾವು ಅರಿಯೆವು ಎಂದರು. ಇನ್ನು ಕೆಲವರು ಇದೆ ಎಂದು ಹಣ ಪಡೆದರು. ಅರಿಯೆವು ಎಂದವರಿಗೆ ಅವನು ಶಿಬಿರದಲ್ಲಿ ಇರಲು ಅನುಮತಿ ಪತ್ರ ಬರೆಸಿಕೊಟ್ಟ. ಇದೆ ಎಂದವರನ್ನು ಹೊರಗಟ್ಟಿದ. ಹದಿಮೂರನೇ ಶತಮಾನದ ಇತಿಹಾಸಕಾರ ಇಬ್ನ್ ಅಬೀ ಉಸೈಬಿಅ ತನ್ನ ವೈದ್ಯರ ಚರಿತ್ರೆಯಲ್ಲಿ ಇದನ್ನು ದಾಖಲಿಸಿದ್ದಾನೆ.

ಈ ಕಥೆಯಲ್ಲಿ ನಗು ಬರಿಸುವಂಥದ್ದಿದೆ. ಅದರೊಳಗೆ ಗಂಭೀರವಾದ ಒಂದು ತತ್ವವೂ ಇದೆ. ಪರವಾನಗಿ ಸಿಕ್ಕಿದ್ದು ಹೆಚ್ಚು ದಾಸ್ತಾನು ಇದ್ದವನಿಗಲ್ಲ, ಹೆಚ್ಚು ಬಂಡವಾಳ ಹಾಕಿದವನಿಗಲ್ಲ. ‘ಇಲ್ಲ’ ಎನ್ನುವ ಪ್ರಾಮಾಣಿಕತೆ ಇದ್ದವನಿಗೆ. ಬಟ್ಟೆ ಕೊಳ್ಳುವವನು ಮುಟ್ಟಿ ನೋಡಬಹುದು, ಅಕ್ಕಿ ಕೊಳ್ಳುವವನು ಬಾಯಿಗೆ ಹಾಕಿ ನೋಡಬಹುದು. ಔಷಧಿ ಕೊಳ್ಳುವವನಿಗೆ ಅದರ ಗುಣ ತಿಳಿಯುವುದು ನುಂಗಿದ ಮೇಲೆ. ಹಾಗಾಗಿ ಆ ವ್ಯಾಪಾರದಲ್ಲಿ ಗಿರಾಕಿಯ ಪರವಾಗಿ ನಿಲ್ಲುವವನು ಒಬ್ಬ ಬೇಕು.

ಮುಹ್‌ತಸಿಬನ ತಕ್ಕಡಿ

ಸೇನಾ ಶಿಬಿರದ ಪರೀಕ್ಷೆ ಒಂದು ಸಲದ್ದು. ನಗರದ ಮಾರುಕಟ್ಟೆಗೆ ನಿತ್ಯದ ವ್ಯವಸ್ಥೆಯೇ ಬೇಕಿತ್ತು. ಹಿಸ್ಬಾ ಎಂಬ ಆ ವ್ಯವಸ್ಥೆಯ ಅಧಿಕಾರಿ ಮುಹ್‌ತಸಿಬ್. ತೂಕ, ಅಳತೆ, ಕಲಬೆರಕೆಗಳನ್ನು ಪರಿಶೀಲಿಸುವುದು ಅವನ ಕೆಲಸ. ಹನ್ನೆರಡನೇ ಶತಮಾನದಲ್ಲಿ ಸಿರಿಯಾದ ಅಶ್ಶೈಝರೀ ಇಂಥ ಅಧಿಕಾರಿಗಳಿಗಾಗಿ ಒಂದು ಕೈಪಿಡಿ ಬರೆದ. ಅದರಲ್ಲಿ ಔಷಧಿಗಾರರಿಗೂ ಶರಬತ್ತು ತಯಾರಿಸುವವರಿಗೂ ಬೇರೆ ಬೇರೆ ಅಧ್ಯಾಯಗಳಿವೆ. ಅಫೀಮಿಗೆ ಗೋಂದು ಬೆರೆಸುವುದು ಮೊದಲಾದ ವಂಚನೆಗಳನ್ನು ಪತ್ತೆ ಹಚ್ಚುವ ಬಗೆಯನ್ನು ಆತ ಹೇಳುತ್ತಾನೆ. ಜನರಿಗೆ ಈಗಾಗಲೇ ತಿಳಿದ ಮೋಸಗಳನ್ನಷ್ಟೇ ಬರೆದು, ತಿಳಿಯದವುಗಳನ್ನು ಬಿಟ್ಟುಬಿಟ್ಟ. ಕಳ್ಳರಿಗೆ ಪಾಠ ಹೇಳಿದಂತಾಗಬಾರದಲ್ಲವೇ?

ಕಾನೂನು ಹೊರಗಿನ ಕಾವಲು. ಕಸುಬಿನವರ ಒಳಗೂ ಒಂದು ಕಾವಲು ಬೆಳೆಯಿತು. 1260ರಲ್ಲಿ ಕೈರೋದ ಯಹೂದಿ ಔಷಧಿಗಾರ ಅಲ್‌ಕೂಹಿನ್ ಅಲ್‌ಅತ್ತಾರ್ ಅರಬಿಯಲ್ಲಿ ಅಂಗಡಿ ನಡೆಸುವ ಕ್ರಮದ ಬಗ್ಗೆ ಒಂದು ಗ್ರಂಥ ಬರೆದ. ತನ್ನ ಮಗನಿಗೆ ಕಸುಬು ಕಲಿಸಲು ಬರೆದ ಆ ಪುಸ್ತಕದಲ್ಲಿ ಔಷಧಿ ತಯಾರಿಯ ವಿಧಾನಗಳ ಜೊತೆಗೆ ಔಷಧಿಗಾರನ ನಡತೆ ಹೇಗಿರಬೇಕೆಂಬ ಬುದ್ಧಿಮಾತೂ ಇದೆ. ಅತ್ತಾರ್ ಎಂದರೆ ಸುಗಂಧದ್ರವ್ಯ ಮತ್ತು ಔಷಧಿ ವಸ್ತು ಮಾರುವವನು. ಉತ್ತರ ಕರ್ನಾಟಕದ ಊರುಗಳಲ್ಲಿ ಇಂದಿಗೂ ಅತ್ತಾರ ಎಂಬ ಅಡ್ಡಹೆಸರಿನ ಕುಟುಂಬಗಳಿವೆ. ಹಳೇ ಮೈಸೂರಿನ ಕಡೆ ಗ್ರಂಧಿಗೆ ಅಂಗಡಿ ಎಂದು ಕರೆಯುವುದೂ ಇಂಥದೇ ಕಸುಬಿನ ಅಂಗಡಿಯನ್ನು.

ಇದೇ ಕಾಲದಲ್ಲಿ, ಅರಬಿ ವೈದ್ಯಶಾಸ್ತ್ರದ ಗಾಳಿ ಚೆನ್ನಾಗಿ ಬೀಸಿದ್ದ ಸಿಸಿಲಿಯಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟ. 1231ರಲ್ಲಿ ಅವನು ಹೊರಡಿಸಿದ ಕಾನೂನು ಸಂಹಿತೆಗೆ 1240ರ ಸುಮಾರಿಗೆ ವೈದ್ಯಕೀಯದ ನಿಯಮಗಳು ಸೇರಿದವು. ವೈದ್ಯನು ಔಷಧಿ ಅಂಗಡಿ ಇಟ್ಟುಕೊಳ್ಳಬಾರದು, ಔಷಧಿಗಾರನೊಂದಿಗೆ ಪಾಲುದಾರಿಕೆ ಮಾಡಬಾರದು. ಔಷಧಿಗಾರ ನಿಯಮದಂತೆ ತಯಾರಿಸುತ್ತೇನೆಂದು ಪ್ರಮಾಣ ಮಾಡಬೇಕು. ಲಾಭಕ್ಕೆ ಮಿತಿ ಇರಬೇಕು. ಬರೆಯುವ ಕೈಗೂ ಕೊಡುವ ಕೈಗೂ ನಡುವೆ ಹಣದ ನಂಟು ಇರಬಾರದೆಂಬ ಈ ನಿಯಮದ ಉದ್ದೇಶ ಸ್ಪಷ್ಟ. ವೈದ್ಯನ ತಪ್ಪನ್ನು ಔಷಧಿಗಾರ ತಡೆಯಬೇಕಾದರೆ ಅವನು ವೈದ್ಯನ ಆಳಾಗಿರಬಾರದು.

ಕಾವಲಿಲ್ಲದ ಪೇಟೆ

ಇನ್ನು ನಮ್ಮ ದೇಶಕ್ಕೆ ಬರೋಣ. ವೈದ್ಯರು, ಹಕೀಮರು ತಾವೇ ಮದ್ದು ಅರೆದು ಕೊಡುತ್ತಿದ್ದ ನಾಡಿಗೆ ಬ್ರಿಟಿಷರೊಂದಿಗೆ ಬಾಟಲಿ ಔಷಧಿ ಬಂತು. 1811ರಲ್ಲಿ ಕಲ್ಕತ್ತಾದಲ್ಲಿ ಬಾತ್‌ಗೇಟ್ ಕಂಪೆನಿ ಅಂಗಡಿ ತೆರೆಯಿತು. ಆಮೇಲೆ ಒಂದು ಶತಮಾನ ಕಾಲ ವ್ಯಾಪಾರ ಬೆಳೆಯಿತು, ಕಾನೂನು ಬೆಳೆಯಲಿಲ್ಲ. ಅಫೀಮಿಗೆ 1878ರ ಕಾಯ್ದೆ, ವಿಷಕ್ಕೆ 1919ರ ಕಾಯ್ದೆ ಇದ್ದವು. ಆದರೆ ಸಾಮಾನ್ಯ ಔಷಧಿಯ ಗುಣಮಟ್ಟವನ್ನು ಪರೀಕ್ಷಿಸುವ, ಅದನ್ನು ಯಾರು ಕೊಡಬೇಕೆಂದು ಹೇಳುವ ಸಮಗ್ರ ಕಾನೂನು ಇರಲಿಲ್ಲ. ಇಂಗ್ಲೆಂಡಿನಲ್ಲಿ 1868ರಲ್ಲೇ ಫಾರ್ಮಸಿ ಕಾಯ್ದೆ ಬಂದಿತ್ತು. ತಮ್ಮ ಜನರಿಗೆ ಬೇಕೆಂದು ಕಂಡದ್ದನ್ನು ಆಳಿಸಿಕೊಳ್ಳುವ ಜನರಿಗೆ ಕೊಡಲು ಅವರಿಗೆ ಅವಸರವಿರಲಿಲ್ಲ.

ಪರಿಣಾಮವನ್ನು ಅನುಭವಿಸಿದ್ದು ಮಲೇರಿಯಾದಿಂದ ನಡುಗುತ್ತಿದ್ದ ಬಡವರು. ಅವರಿಗಿದ್ದ ಆಸರೆ ಕ್ವಿನೈನ್ ಒಂದೇ. ಅದೇ ಕಲಬೆರಕೆಯಾಗಿ ಬರುತ್ತಿದೆ ಎಂಬ ದೂರು ಹೆಚ್ಚಿತು. 1927ರ ಮಾರ್ಚ್ 9ರಂದು ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಮುಂಬೈ ಪ್ರಾಂತ್ಯದ ಸದಸ್ಯ ಸರ್ ಇಬ್ರಾಹೀಮ್ ಹಾರೂನ್ ಜಾಫರ್ ಒಂದು ಠರಾವು ಮಂಡಿಸಿದರು. ಔಷಧಿಗಳ ಅಡ್ಡಾದಿಡ್ಡಿ ಬಳಕೆಯನ್ನು ತಡೆಯಬೇಕು, ತಯಾರಿ ಮತ್ತು ಮಾರಾಟಕ್ಕೆ ಮಟ್ಟ ನಿಗದಿ ಮಾಡಬೇಕು ಎಂಬುದು ಅದರ ಸಾರ. ನಮ್ಮ ದೇಶದ ಔಷಧ ಕಾನೂನಿನ ಚರಿತ್ರೆ ಆರಂಭವಾಗುವುದು ಬಹುಮಟ್ಟಿಗೆ ಅಲ್ಲಿಂದ. ಆದರೆ ಅವರ ಹೆಸರನ್ನು ಇಂದು ನೆನೆಯುವವರು ವಿರಳ.

ಠರಾವಿನ ಫಲ ಕಾಣಲು ಮೂರು ವರ್ಷ ಬೇಕಾಯಿತು. 1930ರ ಆಗಸ್ಟ್‌ನಲ್ಲಿ ಸರಕಾರ ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿತು. ಕಲ್ಕತ್ತಾದ ಉಷ್ಣವಲಯ ವೈದ್ಯಕೀಯ ಸಂಸ್ಥೆಯ ಕರ್ನಲ್ ರಾಮ್ ನಾಥ್ ಚೋಪ್ರಾ ಅದರ ಅಧ್ಯಕ್ಷರು. ಸದಸ್ಯರಲ್ಲಿ ಪಾದ್ರಿ ಕೈಯಸ್, ಕೂಪರ್, ಮತ್ತು ಅಸ್ಸಾಮಿನ ಶಾಸಕ ಮೌಲವಿ ಅಬ್ದುಲ್ ಮತೀನ್ ಚೌಧುರಿ ಇದ್ದರು. ಚೋಪ್ರಾ ಸಮಿತಿ ಎಂದೇ ಪ್ರಸಿದ್ಧವಾದ ಅದು 1931ರಲ್ಲಿ ವರದಿ ಕೊಟ್ಟಿತು. ಕೇಂದ್ರದಲ್ಲೂ ಪ್ರಾಂತ್ಯಗಳಲ್ಲೂ ಔಷಧ ನಿಯಂತ್ರಣದ ಯಂತ್ರ ಬೇಕು, ಪರೀಕ್ಷೆಗೆ ಸುಸಜ್ಜಿತ ಪ್ರಯೋಗಾಲಯ ಬೇಕು, ಫಾರ್ಮಸಿಯನ್ನು ಕಲಿಸುವ ಕೋರ್ಸುಗಳು ಬೇಕು, ನೋಂದಾಯಿಸಿದವರು ಮಾತ್ರ ಈ ಕಸುಬು ಮಾಡಬೇಕು ಎಂದು ಅದು ಶಿಫಾರಸು ಮಾಡಿತು.

ಈ ಶಿಫಾರಸುಗಳ ಹಿಂದಿನ ತಿಳಿವಳಿಕೆಯನ್ನು ಗಮನಿಸಬೇಕು. ಔಷಧಿ ಒಳ್ಳೆಯದಾಗಿದ್ದರೆ ಸಾಲದು, ಕೊಡುವವನೂ ಬಲ್ಲವನಾಗಿರಬೇಕು. ಒಂದು ಕಾನೂನು ವಸ್ತುವಿಗೆ, ಇನ್ನೊಂದು ಮನುಷ್ಯನಿಗೆ. ಮೊದಲನೆಯದು 1940ರ ಔಷಧ ಕಾಯ್ದೆಯಾಯಿತು. ಎರಡನೆಯದು ಇನ್ನೂ ಎಂಟು ವರ್ಷ ಕಾಯಬೇಕಾಯಿತು.

ಕಾಂಪೌಂಡರ್ ಎಂಬ ಕಸುಬು

ಕಾನೂನು ಬರುವ ಮೊದಲೇ ಕಲಿಸುವ ಕೆಲಸ ಶುರುವಾಯಿತು. ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಹಾದೇವ ಲಾಲ್ ಶ್ರಾಫ್ 1932ರಲ್ಲಿ ಔಷಧ ರಸಾಯನಶಾಸ್ತ್ರವನ್ನು ಪದವಿ ತರಗತಿಗೆ ತಂದರು. 1937ರಲ್ಲಿ ಅಲ್ಲೇ ಬಿ.ಫಾರ್ಮ್ ಆರಂಭವಾಯಿತು. ಆದರೆ ಊರೂರಿನ ಆಸ್ಪತ್ರೆಗಳಲ್ಲಿ ಆಗ ಇದ್ದವರು ಪದವೀಧರರಲ್ಲ, ಕಾಂಪೌಂಡರುಗಳು.

ನಮ್ಮಲ್ಲಿ ಹಿರಿಯರಾದವರಿಗೆ ಕಾಂಪೌಂಡರ್ ನೆನಪಿದ್ದಾರೆ. ಮನೆಯಿಂದಲೇ ಒಯ್ದ ಖಾಲಿ ಸೀಸೆಗೆ ಕೆಂಪು ಮಿಕ್ಸ್ಚರ್ ತುಂಬಿ, ಕತ್ತರಿಯಿಂದ ಕಚ್ಚು ಮಾಡಿದ ಕಾಗದದ ಪಟ್ಟಿಯನ್ನು ಅದಕ್ಕೆ ಅಂಟಿಸಿ, ಒಂದು ಹೊತ್ತಿಗೆ ಒಂದು ಕಚ್ಚು ಎಂದು ಅಕ್ಷರ ಬಾರದ ತಾಯಂದಿರಿಗೂ ತಿಳಿಯುವಂತೆ ಹೇಳುತ್ತಿದ್ದವರು. ಹೆಚ್ಚಿನವರು ವೈದ್ಯರ ಕೈಕೆಳಗೆ ನಿಂತು ನೋಡಿ ಕಲಿತವರು. ಅವರಲ್ಲಿ ಅನುಭವವಿತ್ತು, ಕಾಗದವಿರಲಿಲ್ಲ. ಇಂದು ಕಾಗದವಿದೆ, ವ್ಯಕ್ತಿ ಇಲ್ಲ ಎಂಬ ಸ್ಥಿತಿಗೆ ನಾವು ಬಂದಿದ್ದೇವೆ. ಈ ತಿರುವು ಹೇಗಾಯಿತು ಎಂಬುದೇ ಮುಂದಿನ ಕಥೆ.

1943ರಲ್ಲಿ ನೇಮಕವಾದ ಭೋರ್ ಸಮಿತಿಯೂ 1946ರಲ್ಲಿ ಕೊಟ್ಟ ತನ್ನ ವರದಿಯಲ್ಲಿ ಫಾರ್ಮಸಿ ಶಿಕ್ಷಣದ ಅಗತ್ಯವನ್ನು ಒತ್ತಿ ಹೇಳಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಮಾರ್ಚ್‌ನಲ್ಲಿ, ಫಾರ್ಮಸಿ ಕಾಯ್ದೆ ಜಾರಿಗೆ ಬಂತು. 1949ರಲ್ಲಿ ಭಾರತೀಯ ಫಾರ್ಮಸಿ ಕೌನ್ಸಿಲ್ ರಚನೆಯಾಯಿತು. ಏನು ಕಲಿಸಬೇಕೆಂದು ನಿರ್ಧರಿಸುವುದು ಕೇಂದ್ರದ ಕೌನ್ಸಿಲ್, ಕಲಿತವರ ಹೆಸರನ್ನು ನೋಂದಣಿ ಪುಸ್ತಕಕ್ಕೆ ಏರಿಸುವುದು ರಾಜ್ಯದ ಕೌನ್ಸಿಲ್. ಮೊದಲ ನೋಂದಣಿಯ ವೇಳೆ ಕಾಯ್ದೆ ಒಂದು ಔದಾರ್ಯ ತೋರಿತು. ಕನಿಷ್ಠ ಐದು ವರ್ಷ ಆಸ್ಪತ್ರೆಯಲ್ಲೋ ದವಾಖಾನೆಯಲ್ಲೋ ಔಷಧಿ ತಯಾರಿಸಿ ಕೊಟ್ಟ ಅನುಭವವಿದ್ದವರನ್ನೂ ಸೇರಿಸಿಕೊಂಡಿತು. ಇಲ್ಲದಿದ್ದರೆ ಸಾವಿರಾರು ಕಾಂಪೌಂಡರುಗಳು ಒಂದೇ ದಿನದಲ್ಲಿ ಬೀದಿಗೆ ಬೀಳುತ್ತಿದ್ದರು.

ಮೂವತ್ತಾರು ವರ್ಷ ಕಾದ ಒಂದು ಕಲಮು

ಈ ಕಾಯ್ದೆಯ ಜೀವ ಇರುವುದು 42ನೇ ಕಲಮಿನಲ್ಲಿ. ವೈದ್ಯರ ಚೀಟಿಯ ಮೇಲೆ ಔಷಧಿ ತಯಾರಿಸಿ, ಬೆರೆಸಿ, ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟನಿಗೆ ಮಾತ್ರ ಎನ್ನುತ್ತದೆ ಅದು. ವೈದ್ಯರು ತಮ್ಮದೇ ರೋಗಿಗಳಿಗೆ ಔಷಧಿ ಕೊಡುವುದಕ್ಕೆ ವಿನಾಯಿತಿ ಇದೆ. ತಪ್ಪಿದವರಿಗೆ 2023ರ ತಿದ್ದುಪಡಿಯವರೆಗೆ ಆರು ತಿಂಗಳವರೆಗೆ ಸಜೆ ಅಥವಾ ಒಂದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡೂ ಇದ್ದವು. ಆದರೆ ಈ ಕಲಮು ಎಂದಿನಿಂದ ಜಾರಿ ಎಂಬುದನ್ನು ರಾಜ್ಯ ಸರಕಾರಗಳ ಅಧಿಸೂಚನೆಗೆ ಬಿಡಲಾಗಿತ್ತು. ಸಾಕಷ್ಟು ಕಲಿತವರಿಲ್ಲ, ಹಳ್ಳಿಗಳಿಗೆ ಯಾರು ಹೋಗುತ್ತಾರೆ ಎಂಬ ಕಾರಣಕ್ಕೆ ಅಧಿಸೂಚನೆ ಹಲವೆಡೆ ಮುಂದೆ ಹೋಗುತ್ತಲೇ ಇತ್ತು. ಕೊನೆಗೆ ಸಂಸತ್ತು 1976ರಲ್ಲಿ ಕಾಯ್ದೆ ತಿದ್ದಿ ಗಡುವು ಹಾಕಿತು. ಆ ಗಡುವೂ ಒಮ್ಮೆ ವಿಸ್ತರಣೆಯಾಗಿ, ದಿನಾಂಕ ನಿಗದಿ ಮಾಡದೆ ಉಳಿದ ರಾಜ್ಯಗಳಲ್ಲಿ ಕಲಮು ತಾನಾಗಿಯೇ ಜಾರಿಯಾದುದು 1984ರ ಸೆಪ್ಟೆಂಬರ್‌ನಲ್ಲಿ. 1948ರಲ್ಲಿ ಬರೆದ ಮಾತು ಕೌಂಟರಿಗೆ ತಲುಪಲು ಅಂಥ ಕಡೆಗಳಲ್ಲಿ 36 ವರ್ಷ ಹಿಡಿಯಿತು.

ಕೊರತೆಯ ಮಾತು ಆರಂಭದಲ್ಲಿ ಸುಳ್ಳಾಗಿರಲಿಲ್ಲ. ನಮ್ಮ ರಾಜ್ಯದ್ದನ್ನೇ ನೋಡಿದರೆ, ಮಣಿಪಾಲದ ಫಾರ್ಮಸಿ ಕಾಲೇಜು 1963ರಲ್ಲಿ, ಬೆಂಗಳೂರಿನ ಸರಕಾರಿ ಫಾರ್ಮಸಿ ಕಾಲೇಜು 1964ರಲ್ಲಿ ಆರಂಭವಾದವು. ಮುಂದೆ ಕಾಲೇಜುಗಳು ಬೀದಿಗೊಂದರಂತೆ ಹುಟ್ಟಿಕೊಂಡವು. ಪಿಯುಸಿ ಬಳಿಕ ಎರಡು ವರ್ಷ ಓದಿ, 500 ಗಂಟೆ ಪ್ರಾಯೋಗಿಕ ತರಬೇತಿ ಪಡೆದು ಡಿಪ್ಲೊಮಾ ಮುಗಿಸಿದವರಿಗೆ ಈಗ ಕೊರತೆಯಿಲ್ಲ. ಕೊರತೆ ಇರುವುದು ಅವರನ್ನು ಕೌಂಟರಿನಲ್ಲಿ ನಿಲ್ಲಿಸಿಕೊಳ್ಳುವ ಮನಸ್ಸಿಗೆ.

ಲೈಸೆನ್ಸ್ ಬೇಕಾದರೆ ಫಾರ್ಮಸಿಸ್ಟನ ಪ್ರಮಾಣಪತ್ರ ಬೇಕು. ಪೂರ್ತಿ ಸಂಬಳ ಕೊಟ್ಟು ಅವನನ್ನು ಇಟ್ಟುಕೊಳ್ಳುವುದಕ್ಕಿಂತ ತಿಂಗಳಿಗೆ ಇಷ್ಟೆಂದು ಕೊಟ್ಟು ಅವನ ಕಾಗದವನ್ನು ಮಾತ್ರ ಪಡೆಯುವುದು ಅಗ್ಗ. ಅಂಗಡಿಯಲ್ಲಿ ನಿಲ್ಲಲು ಹತ್ತನೇ ತರಗತಿ ಓದಿದ ಹುಡುಗ ಸಾಕು. ಈ ‘ಬಾಡಿಗೆ ಸರ್ಟಿಫಿಕೇಟ್’ ಪದ್ಧತಿಯನ್ನು ಕಸುಬಿನ ಒಳಗಿರುವವರೇ ಒಪ್ಪಿಕೊಳ್ಳುತ್ತಾರೆ. ಇಲ್ಲಿ ಹುಡುಗನನ್ನು ದೂರುವುದು ಅನ್ಯಾಯ. ಹೊಟ್ಟೆಪಾಡಿಗೆ ನಿಂತ ಅವನು ಪೆಟ್ಟಿಗೆಯ ಬಣ್ಣ ನೋಡಿ ಮಾತ್ರೆ ಗುರುತಿಸಲು ಕಲಿತಿರುತ್ತಾನೆ. ಮಾಲೀಕನ ಗಲ್ಲಾಪೆಟ್ಟಿಗೆಯ ಮುಂದೆ ‘ಇದನ್ನು ಕೊಡಲಾಗದು’ ಎನ್ನುವ ವಿದ್ಯೆಯೂ ಅವನಿಗಿಲ್ಲ, ಅಧಿಕಾರವೂ ಇಲ್ಲ. ಓದಿದವನೇ ತನ್ನ ಓದನ್ನು ಬಾಡಿಗೆಗೆ ಬಿಟ್ಟಾಗ ಅವನು ಏನು ಮಾಡಿಯಾನು?

ಯಾರೂ ‘ಇಲ್ಲ’ ಎನ್ನದಿದ್ದಾಗ

ಇದೇನು ದೊಡ್ಡ ವಿಷಯ, ಮಾತ್ರೆಗಳು ಕಂಪೆನಿಯಿಂದಲೇ ಸಿದ್ಧವಾಗಿ ಬರುತ್ತವಲ್ಲ ಎಂದು ಕೇಳುವವರಿದ್ದಾರೆ. 1986ರ ಜನವರಿ, ಫೆಬ್ರವರಿಯಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳು ಸತ್ತರು. ಅವರಿಗೆ ಕೊಟ್ಟ ಗ್ಲಿಸರಿನ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವಿತ್ತು. ನ್ಯಾಯಮೂರ್ತಿ ಬಖ್ತಾವರ್ ಲೆಂಟಿನ್ ವಿಚಾರಣಾ ಆಯೋಗ ಆಸ್ಪತ್ರೆಯ ಖರೀದಿಯಿಂದ ಹಿಡಿದು ಔಷಧ ನಿಯಂತ್ರಣ ವ್ಯವಸ್ಥೆಯವರೆಗೆ ಹಬ್ಬಿದ್ದ ನಿರ್ಲಕ್ಷ್ಯ ಮತ್ತು ಭ್ರಷ್ಟಾಚಾರವನ್ನು ಬಯಲಿಗೆಳೆಯಿತು. ವಿಷದ ಸೀಸೆ ಹಲವು ಕೈ ದಾಟಿ ಬಂದಿತ್ತು. ನಿಲ್ಲಿ, ಇದನ್ನು ಪರೀಕ್ಷಿಸಿ ಎಂದು ಒಂದೇ ಒಂದು ಕೈ ತಡೆದಿದ್ದರೂ ಸಾಕಿತ್ತು.

ಅದೇ ವಿಷ 2025ರಲ್ಲಿ ಕೆಮ್ಮಿನ ಸಿರಪ್‌ನಲ್ಲಿ ಮರಳಿ ಬಂತು. ಮಧ್ಯಪ್ರದೇಶದ ಛಿಂದ್‌ವಾಡಾ ಪರಿಸರದಲ್ಲಿ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವಿಫಲವಾಗಿ ಸತ್ತರು. ಸಿರಪ್ ತಯಾರಾದುದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ. ಮೊಹರು ಒಡೆಯದ ಬಾಟಲಿಯೊಳಗಿನ ವಿಷವನ್ನು ಕೌಂಟರಿನಲ್ಲಿ ನಿಂತ ಫಾರ್ಮಸಿಸ್ಟ್ ಕಣ್ಣಿಂದ ನೋಡಿ ಹಿಡಿಯಲಾರ, ನಿಜ. ಅದು ಕಾರ್ಖಾನೆಯನ್ನೂ ಪ್ರಯೋಗಾಲಯವನ್ನೂ ಕಾಯಬೇಕಾದವರ ಹೊಣೆ. ಆದರೆ ಪುಟ್ಟ ಮಗುವಿನ ಸಾಧಾರಣ ಕೆಮ್ಮಿಗೆ ಈ ಔಷಧಿ ಬೇಕೇ, ಯಾವ ಬ್ಯಾಚ್ ಯಾರಿಗೆ ಹೋಗಿದೆ, ಹಿಂದಕ್ಕೆ ತರಿಸಬೇಕಾದ ಸರಕು ಇನ್ನೂ ಕಪಾಟಿನಲ್ಲಿದೆಯೇ ಎಂದು ನೋಡುವುದು ಕೌಂಟರಿನ ಕೆಲಸವೇ. ಗಂಟಲು ನೋವಿಗೆಲ್ಲಾ ಆ್ಯಂಟಿಬಯಾಟಿಕ್ ಕೇಳುವವನನ್ನು ತಡೆಯುವುದೂ, ಎರಡು ಮಾತ್ರೆ ಒಟ್ಟಿಗೆ ಬೇಡ ಎಂದು ವೈದ್ಯರಿಗೆ ಫೋನ್ ಮಾಡುವುದೂ ಅವನ ಕೆಲಸವೇ.

ನಿಯಮಗಳಿಗೇನೂ ಬರವಿಲ್ಲ. ಕೆಲವು ಆ್ಯಂಟಿಬಯಾಟಿಕ್‌ಗಳನ್ನೂ ಕ್ಷಯದ ಔಷಧಿಗಳನ್ನೂ ಮಾರಿದಾಗ ವೈದ್ಯರ ಮತ್ತು ರೋಗಿಯ ಹೆಸರು ಬರೆದಿಡಬೇಕೆಂಬ ಎಚ್1 ಅನುಸೂಚಿ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. 2015ರ ಜನವರಿಯಲ್ಲಿ ಬಂದ ಫಾರ್ಮಸಿ ವೃತ್ತಿ ನಿಯಮಾವಳಿ ರೋಗಿಗೆ ತಿಳುವಳಿಕೆ ಹೇಳುವುದನ್ನು ಫಾರ್ಮಸಿಸ್ಟನ ಕರ್ತವ್ಯವೆಂದಿತು. 2022ರ ನವೆಂಬರ್‌ನಲ್ಲಿ, ಬಿಹಾರದ ನಕಲಿ ಫಾರ್ಮಸಿಸ್ಟರ ಬಗೆಗಿನ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಹೈಕೋರ್ಟ್ ಲಘುವಾಗಿ ಮುಗಿಸಿದ್ದನ್ನು ಸುಪ್ರೀಂ ಕೋರ್ಟ್ ರದ್ದುಗೊಳಿಸಿತು. ಆಸ್ಪತ್ರೆ, ಔಷಧಿ ಅಂಗಡಿಗಳನ್ನು ನಕಲಿಗಳು ನಡೆಸದಂತೆ ನೋಡಿಕೊಳ್ಳುವುದು ರಾಜ್ಯ ಸರಕಾರ ಮತ್ತು ಫಾರ್ಮಸಿ ಕೌನ್ಸಿಲ್‌ನ ಕರ್ತವ್ಯ ಎಂದಿತು. 2023ರ ಜನ ವಿಶ್ವಾಸ ಕಾಯ್ದೆ 42ನೇ ಕಲಮಿನ ಸಜೆಯನ್ನು ಮೂರು ತಿಂಗಳಿಗೆ ಇಳಿಸಿ, ದಂಡವನ್ನು ಎರಡು ಲಕ್ಷ ರೂಪಾಯಿವರೆಗೆ ಏರಿಸಿತು. ಸಾವಿರ ರೂಪಾಯಿ ದಂಡವನ್ನು ಖರ್ಚಿನ ಬಾಬತ್ತಿಗೆ ಸೇರಿಸುತ್ತಿದ್ದವರಿಗೆ ಎರಡು ಲಕ್ಷ ಬಿಸಿ ಮುಟ್ಟಿಸಬಹುದು. ವಿಧಿಸುವವರು ಇದ್ದರೆ ಮಾತ್ರ.

ಮನೆ ಬಾಗಿಲಿಗೇ ಔಷಧಿ ತರಿಸುವ ಕಾಲ ಬಂದಿದೆ. ಆನ್‌ಲೈನ್ ಔಷಧಿ ಮಾರಾಟಕ್ಕೆ ಕೇಂದ್ರ ಸರಕಾರ 2018ರ ಆಗಸ್ಟ್‌ನಲ್ಲಿ ಕರಡು ನಿಯಮ ಪ್ರಕಟಿಸಿತು. ವಾದ ವಿವಾದಗಳು ವರ್ಷಗಟ್ಟಲೆ ನಡೆದವು, ವ್ಯಾಪಾರವಂತೂ ಕಾಯಲಿಲ್ಲ. ಅಂಗಡಿಯಲ್ಲಾದರೆ ಪ್ರಮಾಣಪತ್ರದ ವ್ಯಕ್ತಿ ಎಲ್ಲಿ ಎಂದು ಕೇಳಬಹುದು. ಮೊಬೈಲಿನ ಪರದೆಯಲ್ಲಿ ಯಾರನ್ನು ಕೇಳುವುದು?

ಕಾನೂನು, ಇಲಾಖೆ, ಕೌನ್ಸಿಲ್‌ಗಳ ಲೋಪವನ್ನು ಎತ್ತಿ ತೋರಿಸುವಾಗ ನಮ್ಮ ಪಾಲನ್ನೂ ನಾವು ಮರೆಯಬಾರದು. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದ ಅಂಗಡಿಯವನ ಮೇಲೆ ಸಿಡುಕಿ ಪಕ್ಕದ ಅಂಗಡಿಗೆ ಹೋದವರು ನಾವೇ. ಕೇಳಿದ್ದನ್ನೆಲ್ಲಾ ಕೊಡುವವನನ್ನು ‘ಒಳ್ಳೆಯ ಮನುಷ್ಯ’ ಎಂದವರೂ ನಾವೇ. ಅಂದರೆ ಅಫ್‌ಶೀನ್ ಯಾರನ್ನು ಹೊರಗಟ್ಟಿದ್ದನೋ ಅವರ ಅಂಗಡಿಯನ್ನೇ ನಾವು ಬೆಳೆಸುತ್ತಿದ್ದೇವೆ.

ಮುಂದಿನ ಸಲ ಮೆಡಿಕಲ್ ಶಾಪಿಗೆ ಹೋದಾಗ ಗೋಡೆಯ ಚೌಕಟ್ಟನ್ನು ಒಮ್ಮೆ ನೋಡೋಣ. ಈ ಹೆಸರಿನವರು ಎಲ್ಲಿದ್ದಾರೆ ಎಂದು ಮರ್ಯಾದೆಯಿಂದ ಕೇಳೋಣ. ಅವರು ಎದುರಿಗೆ ಬಂದು, ಚೀಟಿ ಓದಿ, ಇದು ಬೇಡ ಎಂದರೆ ಕೋಪ ಮಾಡಿಕೊಳ್ಳದೆ ಕೃತಜ್ಞತೆ ಹೇಳೋಣ. ಗಾಜಿನ ಚೌಕಟ್ಟಿಗೆ ಬಾಯಿಲ್ಲ. ಅದು ಎಂದಿಗೂ ‘ಇಲ್ಲ’ ಎನ್ನಲಾರದು.